ಮಹಾರಾಯ್ತಿಯ ಸುತ್ತಳತೆ

ನಮ್ಮ ಹಿತ್ತಲಲ್ಲಿ ಕುದುರೆ ಇದೆ ಎಂದರೆ ಜನ ಮೊದಲು ಕೇಳುವುದು "ಸವಾರಿ ಮಾಡ್ತೀರಾ?" ಎಂದು. ಇಲ್ಲ ಸ್ವಾಮಿ, ಅವಳೇ ನಮ್ಮ ಮೇಲೆ ಸವಾರಿ ಮಾಡುತ್ತಾಳೆ. ಇಪ್ಪತ್ಮೂರು ವರ್ಷದ ಕಂದು ಹೆಣ್ಣು ಕುದುರೆ. ಅಪ್ಪ ಇಟ್ಟ ಹೆಸರು ಬೇರೇನೋ ಇತ್ತು. ನಾನು ದಿನಕ್ಕೆ ಹತ್ತು ಸಲ "ಏನಮ್ಮಾ ಮಹಾರಾಯ್ತಿ, ಈಗೇನು ನಿನ್ನ ರಗಳೆ?" ಎಂದು ಕೇಳಿ ಕೇಳಿ, ಅವಳು ಅದಕ್ಕೇ ಕಿವಿ ತಿರುಗಿಸಲು ಶುರು ಮಾಡಿದಳು. ಈಗ ಪಶುವೈದ್ಯರ ಚೀಟಿಯಲ್ಲೂ ಅದೇ ಹೆಸರು.

ನಾನು ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೆಲಸ ಮಾಡುತ್ತೇನೆ. ನನ್ನ ತಲೆಯ ಮೇಲೆ ಗೋಡೆಯಷ್ಟಗಲದ ಬೋರ್ಡಿನಲ್ಲಿ ಬರೆದಿರುವುದನ್ನೇ ಹದಿನೇಳು ವರ್ಷದಿಂದ ಜನರಿಗೆ ಓದಿ ಹೇಳುತ್ತಿದ್ದೇನೆ. ತಾಳ್ಮೆ ಎನ್ನುವುದು ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಮುಗಿದಿರುತ್ತದೆ. ಉಳಿದ ದಿನವನ್ನು ಸಾಲ ತಂದ ತಾಳ್ಮೆಯಲ್ಲಿ ದೂಡಿ ಮನೆಗೆ ಬಂದರೆ ಅಲ್ಲಿ ಇವರಿಬ್ಬರು: ಅಪ್ಪ ಮತ್ತು ಅವಳು. ಇಬ್ಬರೂ ಹಿತ್ತಲಿನ ಬೇಲಿಯ ಹತ್ತಿರ ನಿಂತು ಒಟ್ಟಿಗೆ ನನ್ನ ಕಡೆ ನೋಡುತ್ತಾರೆ. ಏನೋ ಎಡವಟ್ಟಾಗಿದೆ ಎಂದು ಆಗಲೇ ಗೊತ್ತಾಗುತ್ತದೆ.

ಅಪ್ಪ ಮೂವತ್ತೆಂಟು ವರ್ಷ ಬೇಕರಿಯ ಬ್ರೆಡ್ ಗಾಡಿ ಹೊಡೆದವನು. ಬೆಳಕು ಹರಿಯುವ ಮುಂಚೆ ಗಾಡಿಗೆ ಬುಟ್ಟಿಗಳನ್ನು ಏರಿಸಿ, ಗಂಟೆ ಬಾರಿಸುತ್ತಾ, ಎಪ್ಪತ್ತು ಎಂಬತ್ತು ಮನೆಗಳಿಗೆ ಬಿಸಿ ಬ್ರೆಡ್ಡು ಕೊಟ್ಟು ಬರುತ್ತಿದ್ದ. ಮೂರು ಕುದುರೆಗಳು ಅವನ ಕೈಯಲ್ಲಿ ಮುದಿಯಾದವು. ನಾಲ್ಕನೆಯವಳು ಇವಳು. ಇವಳು ಹೇಗೆ ಕೆಟ್ಟಳೆಂದರೆ, ದಾರಿಯ ಪ್ರತಿ ಮೂರನೇ ಮನೆಯವರು ಬ್ರೆಡ್ಡು ತೆಗೆದುಕೊಳ್ಳುವಾಗ ಅದರ ಅಂಚು ಮುರಿದು ಇವಳ ಬಾಯಿಗಿಡುತ್ತಿದ್ದರು. ಮನುಷ್ಯರು ಹುಟ್ಟಿರುವುದೇ ಬ್ರೆಡ್ಡು ಕೊಡುವುದಕ್ಕೆ ಎಂದು ಇವಳು ಅಂದೇ ತೀರ್ಮಾನ ಮಾಡಿಬಿಟ್ಟಳು.

ಹದಿನಾಲ್ಕು ವರ್ಷದ ಹಿಂದೆ ಬೇಕರಿಯವರು ವ್ಯಾನು ತಂದರು. ಅಪ್ಪ ಅವತ್ತು ಗಾಡಿ ಬಿಟ್ಟು, ಕುದುರೆ ಹಿಡಿದುಕೊಂಡು ನಡೆದೇ ಮನೆಗೆ ಬಂದ. ಅಮ್ಮ ಬಾಗಿಲಲ್ಲೇ ತಡೆದಳು.

"ಇವಳನ್ನ ಎಲ್ಲಿ ಕಟ್ತೀರಿ?"

"ಸೌದೆ ಕೋಣೇಲಿ."

"ಸೌದೆ ಎಲ್ಲಿಡೋದು?"

"ಹೊರಗಿಡೋಣ. ಸೌದೆಗೇನು ಚಳಿಯಾಗುತ್ತಾ?"

ಅಮ್ಮ ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ಅವಳೇ ಕ್ಯಾರೆಟ್ ಸಿಪ್ಪೆ ಹಿಡಿದು ಹಿತ್ತಲಿಗೆ ಹೋದದ್ದನ್ನು ನಾನು ಕಣ್ಣಾರೆ ನೋಡಿದೆ. ಅಮ್ಮ ಹೋಗಿ ಆರು ವರ್ಷವಾಯಿತು. ಸೌದೆ ಕೋಣೆ ಈಗ ಪೂರ್ತಿ ಲಾಯ. ಅದರ ಹಿಂದಿನ ಹುಲ್ಲಿನ ತುಂಡು ಜಾಗವೂ ಮಹಾರಾಯ್ತಿಯದೇ. ಆ ಜಾಗದಲ್ಲಿ ಬಟ್ಟೆ ಒಣಗಿಸುವ ಹಕ್ಕು ಮಾತ್ರ ನನಗಿದೆ, ಅದೂ ಅವಳಿಗೆ ಮನಸ್ಸಿದ್ದರೆ. ನನ್ನ ಕಚೇರಿಯ ಕೋಟಿನ ಒಂದು ಕಾಲರು ಅವಳ ಹೊಟ್ಟೆ ಸೇರಿದೆ.

ಹೋದ ವರ್ಷ ಪಕ್ಕದ ಬೀದಿಯ ಅಂಗಡಿಯವರು ಒಂದು ಮೂಟೆ ಹಳೇ ಗೋಧಿ ತಂದು "ಕುದುರೆಗೆ ಆಗುತ್ತೆ, ಇಟ್ಕೊಳ್ಳಿ" ಎಂದು ಇಳಿಸಿ ಹೋದರು. ಆ ಪುಣ್ಯಾತ್ಮರಿಗೆ ಯಾರು ಹೇಳಿದ್ದರೋ! ಮಹಾರಾಯ್ತಿ ತುಟಿಯಿಂದ ಚಿಲಕ ಸರಿಸಿ, ಹೊರಗೆ ಬಂದು, ಅರ್ಧ ಮೂಟೆ ಮುಗಿಸಿದಳು. ಎರಡು ದಿನಕ್ಕೆ ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ, ಕದಲದೆ ನಿಂತುಬಿಟ್ಟಳು. ಗೊರಸು ಮುಟ್ಟಿದರೆ ಸುಡುತ್ತಿತ್ತು.

ಪಶುವೈದ್ಯೆ ಬಂದು ನೋಡಿದರು. ಚಿಕ್ಕ ವಯಸ್ಸಿನವರು, ಮಾತು ಕಡ್ಡಿ ಮುರಿದ ಹಾಗೆ. "ಗೊರಸಿನೊಳಗಿನ ಪದರಕ್ಕೆ ಉರಿ ಬಂದಿದೆ. ಸಿಹಿ, ಕಾಳು, ಹಿಟ್ಟಿನ ಪದಾರ್ಥ ಯಾವುದೂ ಇನ್ನು ಇವಳ ಬಾಯಿಗೆ ಬೀಳಬಾರದು. ಮೈ ಇಳಿಸ್ಬೇಕು. ಇನ್ನೊಂದು ಸಲ ಜೋರಾಗಿ ಬಂದ್ರೆ ಒಳಗಿನ ಮೂಳೆ ಕೆಳಕ್ಕೆ ತಿರುಗಿಬಿಡುತ್ತೆ. ಆಮೇಲೆ ನಾನು ಬರೋದು ಇಂಜೆಕ್ಷನ್ ಕೊಟ್ಟು ಇವಳನ್ನ ಶಾಶ್ವತವಾಗಿ ಮಲಗಿಸೋದಕ್ಕೇ, ತಿಳೀತಾ?"

ತಿಳಿಯಿತು. ಅಪ್ಪ ಆ ಮಾತಿಗೆ ಗೋಡೆ ಹಿಡಿದು ಕೂತ. ನಾನು ಕೂರಲಿಲ್ಲ. ಕೂತರೆ ಕೆಲಸ ಯಾರು ಮಾಡುತ್ತಾರೆ?

ಅಂದಿನಿಂದ ಒಣಹುಲ್ಲನ್ನು ತಕ್ಕಡಿಗೆ ಹಾಕಿ ತೂಗಿ, ಅದರಲ್ಲಿನ ಸಿಹಿ ಬಿಟ್ಟುಕೊಳ್ಳಲೆಂದು ಒಂದು ಗಂಟೆ ನೀರಲ್ಲಿ ನೆನೆಸಿ, ಹಿಂಡಿ ಹಾಕುತ್ತೇನೆ. ಹುಲ್ಲಿಗೆ ಬಿಡುವಾಗ ಅವಳ ಬಾಯಿಗೆ ಕುಕ್ಕೆ ಕಟ್ಟುತ್ತೇನೆ. ಅದರ ತಳದಲ್ಲಿ ಒಂದೇ ತೂತು, ಗರಿಕೆಯ ನಾಲ್ಕೆಸಳು ಸಿಕ್ಕರೆ ಹೆಚ್ಚು. ಪ್ರತಿ ಭಾನುವಾರ ಬೆಳಿಗ್ಗೆ ಟೇಪು ಹಿಡಿದು ಅವಳ ಎದೆಯ ಸುತ್ತಳತೆ ತೆಗೆದು ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. ಆರು ತಿಂಗಳಿಗೊಮ್ಮೆ ಅವಳ ಹಲ್ಲಿನ ಚೂಪು ಅಂಚುಗಳಿಗೆ ಅರ ಹಾಕಿಸುತ್ತೇನೆ, ಅದರ ತಾರೀಕಿಗೆ ಕೆಂಪು ಸುತ್ತು. ಒಂದು ವರ್ಷದಲ್ಲಿ ಅವಳನ್ನು ನೂರ ಎಂಬತ್ತೆರಡು ಸೆಂಟಿಮೀಟರಿನಿಂದ ನೂರ ಅರವತ್ತೆಂಟಕ್ಕೆ ಇಳಿಸಿದೆ. ಯಾರೂ ಹೊಗಳಲಿಲ್ಲ. ಬೇಲಿಯಾಚೆ ಹೋಗುವವರೆಲ್ಲ ಕುಕ್ಕೆ ನೋಡಿ "ಅಯ್ಯೋ ಪಾಪ, ಹೊಟ್ಟೆಗೆ ಹಾಕಲ್ವೇನ್ರೀ?" ಎಂದು ನನ್ನನ್ನು ಕೇಳಿ ಹೋದರು.

ಅಲ್ಲಿಂದ ಅವಳು ಮತ್ತೆ ದಪ್ಪವಾಗತೊಡಗಿದಳು.

ನೂರ ಅರವತ್ತೊಂಬತ್ತು. ಟೇಪು ಸಡಿಲ ಹಿಡಿದೆನೇನೋ ಎಂದುಕೊಂಡೆ. ನೂರ ಎಪ್ಪತ್ತು. ಹುಲ್ಲು ಕಡಿಮೆ ಮಾಡಿದೆ. ನೂರ ಎಪ್ಪತ್ತೊಂದು! ಈ ಪ್ರಪಂಚದಲ್ಲಿ ಗಾಳಿ ಕುಡಿದು ಮೈ ಬರುವ ಪ್ರಾಣಿ ಇದ್ದರೆ ಅದು ನಮ್ಮ ಹಿತ್ತಲಲ್ಲೇ ಇರಬೇಕು. ಲಾಳ ಕಟ್ಟುವವನು ಬಂದು ಗೊರಸನ್ನು ತೊಡೆಯ ಮೇಲಿಟ್ಟುಕೊಂಡು ಹೆರೆಯುತ್ತಾ, "ಅಕ್ಕಾ, ಇಲ್ಲೊಂದು ಹೊಸ ಬಳೆ ಎದ್ದಿದೆ ನೋಡಿ. ಯಾರೋ ಏನೋ ತಿನ್ನಿಸ್ತಿದಾರೆ" ಎಂದ. ಗೊರಸಿನ ಮೇಲೆ ಹಾಗೆ ಗೆರೆ ಏಳುವುದು ಒಳಗೆ ಉರಿ ಶುರುವಾಗಿದೆ ಎಂಬುದರ ಗುರುತು.

ನಾನು ಮೊದಲು ಅನುಮಾನ ಪಟ್ಟಿದ್ದು ಪಕ್ಕದ ಮನೆಯ ಟೈಲರಮ್ಮನ ಮೇಲೆ. ಅವಳ ಹೊಲಿಗೆ ಯಂತ್ರ ನಮ್ಮ ಬೇಲಿಯ ಕಡೆಯ ಕಿಟಕಿಯಲ್ಲೇ ಇದೆ.

"ನಾನಾ? ನಿಮ್ಮ ಕುದುರೆಗಾ?" ಎಂದು ಅವಳು ಕತ್ತರಿ ಕೆಳಗಿಟ್ಟಳು. "ಅಳತೆ ಟೇಪು ಕೊಟ್ಟೋಳೇ ನಾನಲ್ವೇನಕ್ಕ? ಆ ಟೇಪು ಹೋದ್ಮೇಲೆ ನಾನು ಗೇಣಲ್ಲಿ ಅಳೀತಿದೀನಿ!"

ಎರಡು ವಾರ ಅವಳು ನನ್ನ ಮುಖ ನೋಡಲಿಲ್ಲ. ನಾನು ಬೇಲಿಗೆ ರಟ್ಟಿನ ಬೋರ್ಡು ಕಟ್ಟಿದೆ: ಕುದುರೆಗೆ ಏನನ್ನೂ ತಿನ್ನಿಸಬೇಡಿ, ಏನು ಕೊಟ್ಟರೂ ಅವಳಿಗೆ ವಿಷವಿದ್ದಂತೆ. ಬೋರ್ಡು ಓದುವ ಜನ ಎಂಥವರೆಂದು ಹದಿನೇಳು ವರ್ಷದಿಂದ ಕಂಡವಳು ನಾನು, ಆದರೂ ಕಟ್ಟಿದೆ. ಅಪ್ಪನನ್ನು ದಿನಾ ಕೇಳಿದೆ. "ಯಾರಾದ್ರೂ ಬಂದಿದ್ರಾ?" "ಯಾರೂ ಇಲ್ಲ ಕಣಮ್ಮ." "ನೀನೇನಾದ್ರೂ ಕೊಟ್ಯಾ?" "ಕುಕ್ಕೆ ಹರಿದಿದೆ, ಹೊಲಿಬೇಕು ನೋಡು." ಪ್ರಶ್ನೆ ಪೂರ್ವಕ್ಕೆ ಹೋದರೆ ಅಪ್ಪ ಪಶ್ಚಿಮಕ್ಕೆ. ನನಗೆ ತಲೆ ಚಿಟ್ಟು ಹಿಡಿದುಹೋಯಿತು.

ನೂರ ಎಪ್ಪತ್ತನಾಲ್ಕು ಬಂದ ಮಾರನೇ ದಿನ ರಜೆ ಹಾಕಿದೆ. ಎಂದಿನಂತೆ ಅಪ್ಪನ ಬೆಳಗಿನ ಬ್ರೆಡ್ಡು ಕತ್ತರಿಸಿಟ್ಟೆ, ಮಧ್ಯಾಹ್ನದ್ದನ್ನು ಡಬ್ಬಿಗೆ ಹಾಕಿದೆ. ಹಳೇ ಬೇಕರಿಯ ಗಟ್ಟಿ ಅಂಚಿನ ಬ್ರೆಡ್ಡೇ ಆಗಬೇಕು ಅವನಿಗೆ, ಬೇರೆಯದು ಮುಟ್ಟುವವನಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಮುಂಬಾಗಿಲಿಂದ ಹೋದವಳು ಬೀದಿ ಸುತ್ತಿ, ಟೈಲರಮ್ಮನ ಕಾಂಪೌಂಡಿನಿಂದ ನುಸುಳಿ, ಹುಲ್ಲಿನ ಹೊರೆಗಳ ಹಿಂದೆ ಕೂತೆ. ನಲವತ್ತೇಳು ವರ್ಷದ ಹೆಂಗಸು ಮಾಡುವ ಕೆಲಸವೇ ಇದು?

ಕಾಲು ಗಂಟೆಯೂ ಆಗಲಿಲ್ಲ. ಅಪ್ಪ ಬಂದ. ಅಂಗಿಯ ಜೇಬಿನಿಂದ ನಾನು ಕತ್ತರಿಸಿಟ್ಟ ಬ್ರೆಡ್ಡು ತೆಗೆದ, ಪ್ರತಿ ತುಂಡನ್ನೂ ನಾಲ್ಕು ಮಾಡಿ, ಒಂದೊಂದೇ ಅಂಗೈ ಮೇಲಿಟ್ಟು ಅವಳಿಗೆ ಹಿಡಿದ. ಮಹಾರಾಯ್ತಿ ಕಣ್ಣು ಮುಚ್ಚಿ ತಿನ್ನುತ್ತಿದ್ದಳು.

ನಾನು ಹೊರೆ ಹಿಂದಿನಿಂದ ಎದ್ದ ರಭಸಕ್ಕೆ ಇಬ್ಬರೂ ಬೆಚ್ಚಿಬಿದ್ದರು.

"ಅಪ್ಪಾ! ಸಾಯಿಸ್ಬೇಕು ಅಂತಿದೀಯಾ ಅವಳನ್ನ? ಒಂದು ವರ್ಷದಿಂದ ನಾನು ಹುಲ್ಲು ಹಿಂಡಿ ಹಿಂಡಿ ಕೈ ಸವೆಸಿಕೊಂಡಿದೀನಿ. ನೀನು ಹಿಂದಿನಿಂದ ಬ್ರೆಡ್ಡು ತುಂಬ್ತಿದೀಯಲ್ಲ!"

"ಒಂದೇ ತುಂಡು ಕಣಮ್ಮ."

"ಆ ಒಂದು ತುಂಡು ದಿನಕ್ಕೆ ಎಷ್ಟು ಸಲ?"

ಅಪ್ಪ ಜೇಬಿನ ಬ್ರೆಡ್ಡಿನ ಪುಡಿ ಕೊಡವಿಕೊಂಡ. ನನ್ನ ಸಿಟ್ಟು ನೆತ್ತಿಗೇರಿತು. ಅವನ ರಟ್ಟೆ ಹಿಡಿದು ಅಡುಗೆಮನೆಗೆ ಕರೆತಂದು ಕುರ್ಚಿಯಲ್ಲಿ ಕೂರಿಸಿದೆ. ಡಬ್ಬಿ ತೆಗೆದು ಮಧ್ಯಾಹ್ನದ ಬ್ರೆಡ್ಡನ್ನು ತಟ್ಟೆಗೆ ಸುರಿದೆ. "ತಿನ್ನು. ನನ್ನೆದುರಿಗೇ ತಿನ್ನು. ಇನ್ಮೇಲೆ ಪ್ರತಿ ತುತ್ತೂ ನನ್ನೆದುರಿಗೇ."

ಅಪ್ಪ ಒಂದು ತುಂಡು ಬಾಯಿಗಿಟ್ಟ. ಅದನ್ನು ಎಡದವಡೆಗೆ ತಳ್ಳಿದ, ಬಲಕ್ಕೆ ತಳ್ಳಿದ, ಮತ್ತೆ ಎಡಕ್ಕೆ ತಂದ. ಕತ್ತು ಸ್ವಲ್ಪ ಓರೆ ಮಾಡಿದ. ಕಣ್ಣಲ್ಲಿ ನೀರು ಬಂತು. ನುಂಗಲಾಗದೆ ಕೊನೆಗೆ ಅರ್ಧ ಅಗಿದ ಮುದ್ದೆಯನ್ನು ಅಂಗೈಗೆ ಉಗುಳಿ ಮುಷ್ಟಿ ಮುಚ್ಚಿಕೊಂಡ.

ನಾನು ನಿಂತಲ್ಲೇ ನಿಂತೆ. ಹಲ್ಲು ಕೆಟ್ಟ ಕುದುರೆ ಹೀಗೇ ಮಾಡುತ್ತದೆ. ಹುಲ್ಲನ್ನು ದವಡೆಯಿಂದ ದವಡೆಗೆ ಹೊರಳಿಸಿ, ತಲೆ ಓರೆ ಮಾಡಿ, ಅರ್ಧ ಅಗಿದ ಉಂಡೆಯನ್ನು ಕೆಳಗೆ ಬೀಳಿಸುತ್ತದೆ. ಹೋದ ವರ್ಷ ಮಹಾರಾಯ್ತಿಯ ನೀರಿನ ತೊಟ್ಟಿಯ ಪಕ್ಕ ಅಂಥ ಎರಡೇ ಎರಡು ಉಂಡೆ ಕಂಡಿದ್ದಕ್ಕೆ, ಅದೇ ದಿನ ಪಶುವೈದ್ಯೆಗೆ ಫೋನು ಮಾಡಿದ್ದೆ.

"ಬಾಯಿ ತೆಗಿ" ಎಂದೆ.

ತೆಗೆದ. ಹಲ್ಲಿನ ಸೆಟ್ಟು ನಡುವೆ ಒಡೆದಿತ್ತು. ಲಗಾಮು ರಿಪೇರಿಗೆ ಇಟ್ಟುಕೊಂಡಿದ್ದ ಅಂಟಿನಲ್ಲಿ ಅಂಟಿಸಿ ಹಾಕಿಕೊಂಡಿದ್ದ. ಒಸಡೆಲ್ಲ ಕೆಂಪು ಹುಣ್ಣು. ಅಂಗಿಯೊಳಗೆ ಮೈ ಎಲ್ಲಿದೆ ಎಂದು ಹುಡುಕಬೇಕು, ಹಾಗಾಗಿದ್ದ. ಸಂಜೆ ನನ್ನೆದುರು ಬರೀ ಸೂಪು ಕುಡಿದು "ವಯಸ್ಸಾಯ್ತು, ಹೊಟ್ಟೆಗೆ ಭಾರ ಬೇಡ" ಎನ್ನುತ್ತಿದ್ದ. ಒಳ್ಳೆಯ ಅಭ್ಯಾಸ ಎಂದು ನಾನು ಸುಮ್ಮನಿದ್ದೆ.

ನಾಚಿಕೆಗಿಂತ ಮೊದಲು ನನಗೆ ಬಂದದ್ದು ಮತ್ತೆ ಸಿಟ್ಟೇ. "ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿನಗೆ?"

"ನೀನು ದಿನವಿಡೀ ಜನರ ಹತ್ರ ಕೂಗಾಡಿ ಬರ್ತೀಯ. ಬಂದ್ಮೇಲೆ ಅವಳ ಕಾಲು ನೋಡ್ತೀಯ. ಅದರ ಮೇಲೆ ನನ್ನ ಬಾಯೂ ಅಂದ್ರೆ..." ಎಂದು ಅಪ್ಪ ತಟ್ಟೆ ನೋಡಿದ. "ಕೂಗ್ತೀಯಲ್ಲ, ಅದಕ್ಕೇ."

"ಬ್ರೆಡ್ಡನ್ನ ಕಸಕ್ಕೆ ಹಾಕಬಹುದಿತ್ತು. ಅವಳಿಗ್ಯಾಕೆ?"

"ಬ್ರೆಡ್ಡು ಎಸೆಯೋದಾ?" ಅವನು ನಿಜವಾಗಿಯೂ ಗಾಬರಿಯಾದ. ಮೂವತ್ತೆಂಟು ವರ್ಷ ಬ್ರೆಡ್ಡು ಹೊತ್ತವನಿಗೆ ಅದೊಂದು ತೋಚಿರಲೇ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಮಹಾರಾಯ್ತಿಯ ಎಡ ಮುಂಗಾಲು ಬಿಸಿಯಾಗಿತ್ತು. ಪಶುವೈದ್ಯೆ ಬಂದು, ಗೊರಸು ಒತ್ತಿ ನೋಡಿ, ಸಣ್ಣ ಎಕ್ಸ್-ರೇ ಯಂತ್ರದಲ್ಲಿ ಫೋಟೋ ತೆಗೆದರು. "ಮೂಳೆ ಇನ್ನೂ ತಿರುಗಿಲ್ಲ. ಐದು ದಿನ ತಣ್ಣೀರಲ್ಲಿ ನಿಲ್ಲಿಸಿ. ಅಷ್ಟರಲ್ಲಿ ಕಾಲೂರಿ ನಡೆದ್ರೆ ಉಳಿದಳು ಅಂತ ತಿಳ್ಕೊಳ್ಳಿ. ಯಾರು ತಿನ್ನಿಸಿದ್ದು?"

ಅಪ್ಪ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು ಲಾಯದ ಬಾಗಿಲಲ್ಲಿ ನಿಂತಿದ್ದ. "ಬ್ರೆಡ್ಡು ಕತ್ತರಿಸಿ ಇಟ್ಟಿದ್ದು ನಾನೇ" ಎಂದೆ. ಹತ್ತು ನಿಮಿಷ ಅವರು ನನ್ನನ್ನು ಬೈದರು. ಕೌಂಟರಿನ ಆಚೆ ನಿಂತರೆ ಹೇಗಿರುತ್ತದೆ ಎಂದು ಅವತ್ತು ಗೊತ್ತಾಯಿತು.

ಐದು ದಿನ ನಾನು ರಜೆ ಮುಂದುವರಿಸಿದೆ. ಐಸು ಹಾಕಿದ ಬಕೆಟ್ಟುಗಳಲ್ಲಿ ಅವಳ ಮುಂಗಾಲುಗಳು, ಪಕ್ಕದ ಸ್ಟೂಲಿನ ಮೇಲೆ ಅಪ್ಪ, ಅವನ ಕೈಯಲ್ಲಿ ಗಂಜಿಯ ಲೋಟ. ಹಲ್ಲಿನ ಡಾಕ್ಟರ ಹತ್ತಿರ ಹೋಗೋಣವೆಂದರೆ "ಇವಳು ನಡೀಲಿ, ಆಮೇಲೆ" ಎಂದು ಹಟ. ಜಗಳ ಮಾಡಿದೆ, ಕೂಗಿದೆ. ಕೂಗುವುದು ಒಂದೇ ದಿನಕ್ಕೆ ಹೋಗುವ ಚಟವೇ? ಟೈಲರಮ್ಮ ಬೇಲಿಯಾಚೆಯಿಂದ ಐಸಿನ ಡಬ್ಬಿ ದಾಟಿಸಿ, "ಅಕ್ಕಾ, ಸ್ವಲ್ಪ ಮೆತ್ತಗೆ, ನನಗೆ ಹೊಲಿಗೆ ತಪ್ಪುತ್ತೆ" ಎಂದಳು. ಆರನೇ ದಿನ ಬೆಳಿಗ್ಗೆ ಮಹಾರಾಯ್ತಿ ಬಕೆಟ್ಟು ಒದ್ದು ಉರುಳಿಸಿ, ಕುಂಟುತ್ತಾ, ನಾಲ್ಕು ಹೆಜ್ಜೆ ಬಾಗಿಲಿನವರೆಗೆ ಬಂದಳು. ಅಪ್ಪ ಮುಖ ತೊಳೆದುಕೊಂಡು ಅಂಗಿ ಬದಲಿಸಿದ.

ಹಲ್ಲಿನ ಡಾಕ್ಟರು ಅಪ್ಪನ ಒಸಡು ನೋಡಿ ನಾಲಿಗೆಯಲ್ಲಿ ಲೊಚಗುಟ್ಟಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, "ಎಷ್ಟು ದಿನದಿಂದ ಇವರಿಗೆ ಅಗಿಯೋಕೆ ಆಗ್ತಿಲ್ಲ?"

ಕುದುರೆಯ ಬಗ್ಗೆ ಕೇಳಿದ್ದರೆ ತಾರೀಕು ಹೇಳುತ್ತಿದ್ದೆ, ಬೆಳಿಗ್ಗೆಯೋ ಸಂಜೆಯೋ ಎಂದೂ ಹೇಳುತ್ತಿದ್ದೆ. "ಗೊತ್ತಿಲ್ಲ" ಎಂದೆ.

ಅಪ್ಪ ಆ ಉದ್ದ ಕುರ್ಚಿಯಲ್ಲಿ ಮಲಗಿದ್ದಲ್ಲಿಂದಲೇ, ಹಲ್ಲಿಲ್ಲದ ಬಾಯಲ್ಲಿ, ನನಗೆ ಸಹಾಯ ಮಾಡಲು ನೋಡಿದ. "ಅವಳು ನೂರ ಅರವತ್ತೆಂಟು ಇದ್ದಾಗಿಂದ, ಡಾಕ್ಟ್ರೇ."

ಡಾಕ್ಟರು ಅರ್ಥವಾಗದೆ ನನ್ನ ಮುಖ ನೋಡಿದರು. ನಾನು ಮನಸ್ಸಿನಲ್ಲೇ ಕ್ಯಾಲೆಂಡರಿನ ಭಾನುವಾರಗಳನ್ನು ಒಂದೊಂದಾಗಿ ಹಿಂದಕ್ಕೆ ಎಣಿಸಿದೆ.

"ಹತ್ತು ವಾರ" ಎಂದೆ.