ಗದ್ದದವರೆಗಿನ ಅಳತೆ

ಬಸ್ಸು ಹೊರಟು ಹೋದ ಮೇಲೂ ಒಂದು ಚಿತ್ರ ನನ್ನ ಕಣ್ಣಿನಿಂದ ಹೋಗಲಿಲ್ಲ. ಶಾಲೆಯ ಗೇಟಿನ ಮುಂದೆ ನನ್ನ ಒಂಬತ್ತು ವರ್ಷದ ಮಗಳು ಜಯಮಾಲಾ ಹಿಮದ ಮೇಲೆ ಜಾರುವ ತನ್ನ ಸ್ಕೀ ಹಲಗೆಗಳನ್ನು ನೆಟ್ಟಗೆ ಹಿಡಿದು ನಿಂತಿದ್ದಳು. ಅವುಗಳ ಬಾಗಿದ ತುದಿ ಅವಳ ತಲೆಯ ಮೇಲೆ ಒಂದು ಗೇಣಿಗೂ ಹೆಚ್ಚು ಎದ್ದಿತ್ತು. ಯಾರೋ ಎತ್ತರದವರು ಅವಳ ಬೆನ್ನಿಗೆ ನಿಂತು, ತಲೆ ಬಗ್ಗಿಸಿ ಅವಳನ್ನೇ ನೋಡುತ್ತಿದ್ದ ಹಾಗೆ.

ಅದು ೧೯೮೪ರ ಆಗಸ್ಟ್ ತಿಂಗಳ ಒಂದು ಶುಕ್ರವಾರ, ಇಲ್ಲಿ ಚಳಿಗಾಲ. ಅಡಿಲೇಡಿನಿಂದ ವಿಕ್ಟೋರಿಯದ ಹಿಮಬೆಟ್ಟಕ್ಕೆ ಶಾಲೆಯವರು ಮಕ್ಕಳನ್ನು ಕರೆದೊಯ್ಯುತ್ತಿದ್ದರು. ಮೊದಲ ಪಾಠ ಶನಿವಾರ ಮಧ್ಯಾಹ್ನ ಒಂದು ಗಂಟೆಗೆ. ಬಸ್ಸು ಹತ್ತುವ ಮುಂಚೆ ಮಾಲಾ ನನ್ನ ಕಿವಿಯಲ್ಲಿ ಹೇಳಿದ್ದಳು, "ಡೋಂಟ್ ರಿಂಗ್ ದೆಮ್, ಅಮ್ಮ. ಪ್ಲೀಸ್. ಪ್ರಾಮಿಸ್?" ಹಿಂದಿನ ವರ್ಷದ ಕ್ಯಾಂಪಿಗೆ ನಾನು ಮೂರು ಸಲ ಫೋನ್ ಮಾಡಿದ್ದಕ್ಕೆ ಹುಡುಗರು ಅವಳನ್ನು ತಿಂಗಳುಗಟ್ಟಲೆ ಗೋಳುಹೊಯ್ದುಕೊಂಡಿದ್ದರು. ಮಾಡುವುದಿಲ್ಲವೆಂದು ಮಾತು ಕೊಟ್ಟೆ.

ತಪ್ಪು ನನ್ನದೇ. ಸ್ಕೀಗಳನ್ನು ಬೇಕಾದವರು ಅಲ್ಲೇ ಬಾಡಿಗೆಗೆ ಪಡೆಯಬಹುದು, ಸ್ವಂತದ್ದಿದ್ದರೆ ತರಬಹುದು ಎಂದು ಶಾಲೆಯ ಪತ್ರದಲ್ಲಿತ್ತು. ಚರ್ಚಿನವರ ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಜೋಡಿ ಕಣ್ಣಿಗೆ ಬಿತ್ತು. ನೂರರವತ್ತು ಸೆಂಟಿಮೀಟರ್. ಮಾಲಾ ನೂರಮೂವತ್ತು. ಬೆಳೆಯೋ ಹುಡುಗಿ, ನಾಲ್ಕು ವರ್ಷ ಬರುತ್ತದೆ ಅಂದುಕೊಂಡೆ. ಅವಳ ಯೂನಿಫಾರ್ಮು, ಷೂ, ಸ್ವೆಟರು ಎಲ್ಲವನ್ನೂ ಹಾಗೇ ಒಂದಳತೆ ದೊಡ್ಡದು ಕೊಂಡವಳು ನಾನು. ನನಗೆ ನನ್ನಮ್ಮ ಕೊಂಡದ್ದೂ ಹಾಗೇ. ಎಡ ಹಲಗೆಯ ತುದಿಯಲ್ಲಿ ಏನೋ ಕೆಂಪು ಗುರುತಿತ್ತು: ಒಂದು ಅಡ್ಡಗೆರೆ, ಕೆಳಗೊಂದು ಸುರುಳಿ, ಅರ್ಧ ಕೆರೆದುಹೋದದ್ದು. ಬಣ್ಣ ಸಿಡಿದಿರಬೇಕೆಂದು ಉಗುರಿನಿಂದ ಕೆರೆದು ನೋಡಿದೆ. ಹೋಗಲಿಲ್ಲ.

ಅವನ್ನು ಕೊಂಡ ವಾರಕ್ಕೆ ಪಂಚಾಕ್ಷರಿ ಅಂಕಲ್ ಮನೆಗೆ ಊಟಕ್ಕೆ ಹೋಗಿದ್ದೆವು.

ಅಡಿಲೇಡಿನ ಕನ್ನಡದವರಿಗೆಲ್ಲ ಅವರು ಗೊತ್ತು. ರಾಣೆಬೆನ್ನೂರಿನ ಕಡೆಯವರು, ಮೂಳೆ ಡಾಕ್ಟರು. ಎಪ್ಪತ್ತೊಂದರಲ್ಲಿ ಪರ್ತಿಗೆ ಬಂದು, ಅಲ್ಲಿಂದ ಬ್ರಿಸ್ಬೇನಿಗೆ ಹೋಗಿ, ಎಂಬತ್ತೊಂದರಲ್ಲಿ ಇಲ್ಲಿಗೆ ಬಂದವರು. ಬೆಳಿಗ್ಗೆ ಹಣೆಗೆ ವಿಭೂತಿ ಇಟ್ಟು, ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಕರವಸ್ತ್ರದಿಂದ ಒರೆಸಿಕೊಂಡು ಒಳಗೆ ಹೋಗುತ್ತಾರೆ. ಪ್ಲಾಸ್ಟರಿನ ಬಿಳಿ ಪುಡಿ ಉಗುರುಸಂದಿಯಲ್ಲಿ ಸದಾ ಇರುತ್ತದೆ. ಅವರ ಮನೆಗೆ ಬಂದ ಮಗುವಿಗೆ ಊಟಕ್ಕಿಂತ ಮೊದಲು ಅಳತೆ. ಹಜಾರದ ಗೋಡೆಗೆ ಒರಗಿಸಿದ ಒಂದು ಹಲಗೆ, ಮೂರು ಊರು ಸುತ್ತಿ ಬಂದದ್ದು. ಅದಕ್ಕೆ ಮಗುವನ್ನು ನಿಲ್ಲಿಸಿ ಪೆನ್ಸಿಲಿನಿಂದ ಗೆರೆ ಎಳೆಯುತ್ತಾರೆ. "ಅಂಕಲ್ ಮದುವೆ ಗಂಡಿಗೆ ಸೂಟ್ ಹೊಲೀತಾರೇನೋ," ಎಂದು ನನ್ನ ಗಂಡ ನಾಗೇಂದ್ರ ನಗುತ್ತಿದ್ದ.

ಅವತ್ತು ಮಾಲಾ ಹಿಮಕ್ಕೆ ಹೋಗುತ್ತಾಳೆಂದು ಕೇಳಿ ಅವರ ಕೈ ಪೆನ್ಸಿಲಿನ ಮೇಲೆ ನಿಂತಿತು. ತಲೆಯ ಗೆರೆ ಬಿಟ್ಟು ಗದ್ದದ ಕೆಳಗೆ ಗೆರೆ ಎಳೆದರು.

"ನೂರಹತ್ತು. ಹೆಚ್ಚೆಂದ್ರೆ ನೂರಹದಿನೈದು. ಕಲಿಯೋರಿಗೆ ಗದ್ದದವರೆಗೆ ಸಾಕು, ಸುಲೋಚನಾ. ಚೆನ್ನಾಗಿ ಬಂದ್ಮೇಲೆ ಮೂಗು, ಹಣೆ. ಜೋರಾಗಿ ಇಳಿಯೋರು, ತೂಕ ಇರೋರು ಬೇಕಾದ್ರೆ ತಲೆ ಮೇಲೆ ಹೋಗ್ಲಿ. ಮಾಲಾ ಗುಬ್ಬಿ ಥರ ಇದಾಳೆ, ಜೊತೆಗೆ ಪುಕ್ಕಲಿ. ಉದ್ದ ಆದ್ರೆ ತಿರುಗಿಸೋಕೆ ಆಗಲ್ಲ. ತಿರುಗಿಸೋಕೆ ಬರದೆ ಇದ್ರೆ ನಿಲ್ಲಿಸೋಕೂ ಬರಲ್ಲ. ಎಲ್ಲಿಂದ ತಗೋತಿದೀಯ?"

"ಅಲ್ಲೇ ಬಾಡಿಗೆಗೆ, ಅಂಕಲ್," ಎಂದು ಸುಳ್ಳು ಹೇಳಿಬಿಟ್ಟೆ. ಆ ಜೋಡಿ ಆಗಲೇ ನಮ್ಮ ಗ್ಯಾರೇಜಿನಲ್ಲಿತ್ತು. ಮಾಲಾ ನನ್ನ ಮುಖ ನೋಡಿದಳು.

ಅಂದಿನಿಂದ ಗ್ಯಾರೇಜಿಗೆ ಹೋದಾಗಲೆಲ್ಲ ಆ ಎರಡು ಹಲಗೆಗಳು ನಾನು ಒರಗಿಸಿದ ಮೂಲೆಯಿಂದ ಚೂರು ಈಚೆಗೆ ಬಂದಿರುತ್ತಿದ್ದವು. ನಾಗೇಂದ್ರನಿಗೆ ಹೇಳಿದರೆ, "ಸಿಮೆಂಟ್ ನೆಲ ಕಣೇ, ಜಾರುತ್ತೆ. ನಿಂಗೆ ಚಿಂತೆ ಮಾಡೋಕೆ ಏನಾದ್ರೂ ಒಂದು ಬೇಕು," ಎಂದು ಡ್ಯೂಟಿಗೆ ಹೊರಟ.

ಶನಿವಾರ ಬೆಳಿಗ್ಗೆ ಮನೆಯಲ್ಲಿ ಕೂತಿರಲಾಗಲಿಲ್ಲ. ಅಂಕಲ್ ಹೆಂಡತಿ ಪದ್ಮಾ ಆಂಟಿಯ ಉಪ್ಪಿನಕಾಯಿ ಡಬ್ಬಿ ವಾಪಸು ಕೊಡುವ ನೆಪ ಮಾಡಿಕೊಂಡು ಅವರ ಮನೆಗೆ ಹೋದೆ. ಹನ್ನೆರಡು ಹೊಡೆಯುವುದರಲ್ಲಿತ್ತು. ಆಂಟಿ ಕಾಫಿ ಬೆರೆಸಲು ಒಳಗೆ ಹೋದರು. ನಾನು ಹಜಾರದಲ್ಲಿ ಮಾಲಾಳ ಗದ್ದದ ಗೆರೆ ಹುಡುಕುತ್ತ ಬಗ್ಗಿದೆ.

ಆಗ ಹಲಗೆಯ ಕೆಳಭಾಗ ಕಂಡಿತು. ಸೊಂಟದ ಮಟ್ಟದಲ್ಲಿ ಗೆರೆಗಳ ಎರಡು ಸಾಲು. ಒಂದಕ್ಕೆ 'ಎಡ', ಇನ್ನೊಂದಕ್ಕೆ 'ಬಲ' ಎಂದು ಬರೆದಿತ್ತು. ಮೊದಲ ಗೆರೆ ೧೯೭೪ರದ್ದು, ಎರಡೂ ಸಾಲಿನಲ್ಲಿ ಒಂದೇ ಮಟ್ಟದಲ್ಲಿತ್ತು. ಆಮೇಲೆ ಬಲದ ಸಾಲು ವರ್ಷವರ್ಷವೂ ಮೇಲೇರಿತ್ತು. ಎಡದ್ದು ಹಿಂದೆ ಉಳಿದುಕೊಂಡಿತ್ತು.

"ಅದು ಕಸ್ತೂರಿ ಕಾಲು," ಎಂದು ಬೆನ್ನ ಹಿಂದೆ ಅಂಕಲ್ ಹೇಳಿದರು. ಬ್ರಿಸ್ಬೇನಿನಲ್ಲಿ ಓದುತ್ತಿದ್ದ ಅವರ ಒಬ್ಬಳೇ ಮಗಳು ಕಸ್ತೂರಿ. ಅವಳು ಸ್ವಲ್ಪ ಕುಂಟುತ್ತಾಳೆಂದು ಕೇಳಿದ್ದೆ, ಪೋಲಿಯೋ ಇರಬೇಕೆಂದುಕೊಂಡಿದ್ದೆ.

"ಪರ್ತಲ್ಲಿದ್ದಾಗ," ಅಂಕಲ್ ಕುರ್ಚಿ ಎಳೆದುಕೊಂಡರು, "ನಂಜೊತೆ ಇದ್ದ ಒಬ್ಬ ಡಾಕ್ಟ್ರು ಊರು ಬಿಡ್ತಾ ಅವನ ಸ್ಕೀ ಕೊಟ್ಟ. ಇವಳಿಗೆ ಹತ್ತು ವರ್ಷ. ಉದ್ದ ಆಯ್ತು. ಇರ್ಲಿ, ಬೆಳೀತಾಳಲ್ಲ ಅಂದೆ. ರಜಕ್ಕೆ ವಿಕ್ಟೋರಿಯದ ಹಿಮಕ್ಕೆ ಕರ್ಕೊಂಡು ಹೋದ್ವಿ. ಮೊದಲನೇ ದಿನಾನೇ ಜಾರೋಕೆ ಶುರುವಾದೋಳು ನಿಲ್ಲಲೇ ಇಲ್ಲ. ಕೂಗಲೂ ಇಲ್ಲ ಕಣಮ್ಮ. ಸುಮ್ನೆ ಮರಗಳ ಒಳಗೆ ಹೋಗ್ಬಿಟ್ಲು. ಮೂಳೆ ಬೆಳೆಯೋ ಜಾಗದಲ್ಲೇ ಮುರೀತು. ನಾನು ಮೂಳೆ ಡಾಕ್ಟ್ರು!"

ಆಂಟಿ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದರು. "ಆ ಹಾಳಾದ್ದನ್ನ ಬ್ರಿಸ್ಬೇನಿಗೂ ಹೊತ್ಕೊಂಡು ಬಂದ್ರು. ಅಲ್ಲಿ ರೆಡ್ ಹಿಲ್ ಅನ್ನೋ ಬಡಾವಣೇಲಿ ನಮ್ಮನೆ ಕಂಬಗಳ ಮೇಲಿತ್ತಲ್ಲ, ಕೆಳಗೆ ತೊಲೆಗೆ ಕಟ್ಟಿದ್ರು. ಅಲ್ಲಿ ಹಿಮ ಎಲ್ಲಿ ಬರಬೇಕು? ಗಾಳಿ ಇಲ್ಲದ ಮಧ್ಯಾಹ್ನ, ಎಲೆ ಅಲುಗ್ತಿರಲ್ಲ, ಕೆಳಗಡೆ ಒಂದಕ್ಕೊಂದು ಉಜ್ಜೋ ಸದ್ದು. ಸರ್... ಸರ್... ಅಂತ. ಮೇಲೆ ಮರದ ನೆಲದಲ್ಲಿ ಕಸ್ತೂರಿ ಓಡಾಡಿದ್ರೆ ಒಂದು ಹೆಜ್ಜೆ ಜೋರು, ಒಂದು ಹೆಜ್ಜೆ ಮೆತ್ತಗೆ. ಕೆಳಗಿನ ಸದ್ದೂ ಅದೇ ಲೆಕ್ಕಕ್ಕೆ."

"ನಿಂದೊಂದು," ಅಂದರು ಅಂಕಲ್. ಆದರೆ ಇಲ್ಲವೆನ್ನಲಿಲ್ಲ.

"ನಾನೇ ಎಪ್ಪತ್ತೊಂಬತ್ತರಲ್ಲಿ ರಸ್ತೆ ಅಂಚಿಗೆ ಇಟ್ಬಂದೆ. ಬೆಳಗಾಗೋದ್ರೊಳಗೆ ಯಾರೋ ಎತ್ಕೊಂಡು ಹೋಗಿದ್ರು. ಯಾರ ಮಗುವಿನ ಕಾಲಿಗೆ ಸಿಕ್ತೋ ಅಂತ ಇವತ್ತಿಗೂ ಎದೆ ಹೊಡ್ಕೊಳತ್ತೆ. ಕಸ್ತೂರಿಗೆ ಗುರುತು ಸಿಗ್ಲಿ ಅಂತ ಎಡಗಡೇದರ ತುದೀಲಿ ನನ್ನ ನೇಲ್ ಪಾಲಿಶಲ್ಲಿ 'ಕ' ಅಂತ ಬರ್ದಿದ್ದೆ. ಕೆರೆದ್ರೂ ಹೋಗಲಿಲ್ಲ ಅದು."

ಒಂದು ಅಡ್ಡಗೆರೆ, ಕೆಳಗೊಂದು ಸುರುಳಿ.

ಕನ್ನಡದ ಮೊದಲ ವ್ಯಂಜನ. ಅಡಿಲೇಡಿನ ಚರ್ಚಿನ ಅಂಗಡಿಯಲ್ಲಿ ನನ್ನ ಕಣ್ಣ ಮುಂದೆಯೇ ಇದ್ದರೂ ಅದನ್ನು ನಾನು ಓದಿರಲಿಲ್ಲ. ಅಂಕಲ್ ಕಡೆ ತಿರುಗಿದೆ.

"ಅಂಕಲ್, ನಾನು ಸುಳ್ಳು ಹೇಳಿದೆ. ಮಾಲಾ ಹತ್ರ ಇರೋದು ಅದೇ ಜೋಡಿ."

ಅಂಕಲ್ ನನ್ನನ್ನು ಬೈಯಬಹುದಿತ್ತು, ಬೈಯಲಿಲ್ಲ. ಗೋಡೆಯ ಗಡಿಯಾರ ನೋಡಿದರು. ಹನ್ನೆರಡೂ ಹತ್ತು; ವಿಕ್ಟೋರಿಯದಲ್ಲಿ ಅರ್ಧ ಗಂಟೆ ಮುಂದೆ, ಆಗಲೇ ಹನ್ನೆರಡೂ ನಲವತ್ತು. "ನಂಬರ್ ಇದೆಯಾ?" ಎಂದಷ್ಟೇ ಕೇಳಿದರು.

ಶಾಲೆಯ ಪತ್ರ ನನ್ನ ಪರ್ಸಿನಲ್ಲೇ ಇತ್ತು, ಎಂಟು ಮಡಿಕೆಯಾಗಿ. ಮಾತು ಕೊಟ್ಟದ್ದು ನೆನಪಾಯಿತು. ಫೋನ್ ಮಾಡಿದರೆ ಮಾಲಾ ನನ್ನ ಜೊತೆ ವಾರಗಟ್ಟಲೆ ಮಾತಾಡುವುದಿಲ್ಲ. ಮಾತಾಡದಿದ್ದರೂ ಸರಿ, ಎರಡು ಕಾಲಲ್ಲೂ ಒಂದೇ ಸಮ ನಡೆದುಬರಲಿ. ಅಳತೆಯ ಹಲಗೆಯ ಪಕ್ಕದಲ್ಲೇ ಅವರ ಫೋನು. ಡಯಲು ತಿರುಗಿಸಿದೆ.

ಬೆಟ್ಟದ ಮೇಲಿನ ಲಾಡ್ಜಿನಲ್ಲಿ ಒಬ್ಬ ಹೆಂಗಸು ಫೋನ್ ತೆಗೆದಳು. ಶಾಲೆಯ ಹೆಸರು ಹೇಳಿದೆ. ಮಕ್ಕಳು ಬೂಟು ಹಾಕಿಕೊಳ್ಳುತ್ತಿದ್ದಾರೆ, ಟೀಚರನ್ನು ಕರೆಯುತ್ತೇನೆ, ಇಡಬೇಡಿ ಎಂದಳು. ರಿಸೀವರನ್ನು ಎಲ್ಲೋ ಇಟ್ಟ ಸದ್ದು. ಮಕ್ಕಳ ಗಲಾಟೆ. ಆಮೇಲೆ ಅದರ ನಡುವೆ, ಫೋನಿಗೆ ತೀರಾ ಹತ್ತಿರದಲ್ಲಿ, ಹಲಗೆಯ ಮೇಲೆ ಹಲಗೆ ಉಜ್ಜಿದ ಸದ್ದು. ಸರ್... ಸರ್...

ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅಂಕಲ್ ಪಕ್ಕದಲ್ಲಿ ನಿಂತು, ಮಾಲಾಳ ಗದ್ದದ ಗೆರೆಯ ಮೇಲೆ ಬೆರಳಿಟ್ಟಿದ್ದರು.

"ಹಲೋ?" ಟೀಚರ್ ಬಂದರು.

"ನಾನು ಮಾಲಾಳ ತಾಯಿ," ಎಂದೆ. "ಅವಳ ಸ್ಕೀಗಳನ್ನು ದಯವಿಟ್ಟು ಈಗಲೇ ಅವಳ ಕೈಯಿಂದ ತೆಗೆದುಕೊಳ್ಳಿ. ನಿಮ್ಮಲ್ಲಿರುವ ಬಾಡಿಗೆಯದು ಕೊಡಿ, ನೂರಹತ್ತು. ಅವಳ ಗದ್ದದವರೆಗೆ ಬರುವಂಥದ್ದು. ನೀವು ಅವಳ ಪಕ್ಕದಲ್ಲಿ ನಿಲ್ಲಿಸಿ ನೋಡಿ ಬನ್ನಿ. ನಾನು ಕಾಯುತ್ತೇನೆ."