ಮಿಶ್ರಿ ಮುಟ್ಟುವುದಿಲ್ಲ ಎಂದವರು

ವೈನಿಯ ಮೊದಲ ಕೂಸು ಒಂದು ಅಂಗೈಯಷ್ಟಿತ್ತು. ಭಾಲ್ಕಿಯ ಆಸ್ಪತ್ರೆಯಲ್ಲಿ ಹುಟ್ಟಿ, ಹೆಸರಿಡುವ ಮೊದಲೇ ಹೋಯಿತು. ಅಣ್ಣನ ಹೆಂಡತಿಯಾಗಿ ಬಂದ ಅವರು ನನಗೆ ಜಡೆ ಹಾಕಿ ಶಾಲೆಗೆ ಕಳಿಸಿದವರು. ಬೀದರಿನಲ್ಲಿ ನರ್ಸಿಂಗ್ ಎಂ.ಎಸ್ಸಿ. ಓದುವಾಗ ಪ್ರಬಂಧಕ್ಕೆ ಬೇರೆ ವಿಷಯ ನನಗೆ ಹೊಳೆಯಲೇ ಇಲ್ಲ: ಕೂಸುಗಳು ತೂಕ ಕಡಿಮೆಯಾಗಿ ಯಾಕೆ ಹುಟ್ಟುತ್ತವೆ?

ತಾಯಿಯ ವಯಸ್ಸು, ಊಟ, ಹೊಲದ ಕೆಲಸ ಎಲ್ಲ ಕೇಳಬೇಕಿತ್ತು. ಮಿಶ್ರಿಯನ್ನೂ. ಹುರಿದ ತಂಬಾಕಿನ ಆ ಕರಿಪುಡಿಯನ್ನು ನಮ್ಮ ಕಡೆಯ ಎಷ್ಟೋ ಹೆಂಗಸರು ಹಲ್ಲಿಗೆ ಉಜ್ಜುತ್ತಾರೆ, ಬಸುರಿಯಾದರೂ ಬಿಡುವುದಿಲ್ಲ. ಔರಾದ ಕಡೆಯ ಹಳ್ಳಿಗಳಿಗೆ ಒಬ್ಬಳೇ ಹೋದೆ. ಭಾಲ್ಕಿ ಕಡೆಯ ನಮ್ಮೂರಲ್ಲಿ ವೈನಿ ಜೊತೆಗೆ ಬಂದರು. ಅಲ್ಲಿ ಎಲ್ಲರದೂ ಒಂದೇ ಉತ್ತರ: "ಇಲ್ಲವಾ, ನಾವು ಅದನ್ನ ಮುಟ್ಟಂಗಿಲ್ಲ." ಹಾಸ್ಟೆಲ್ ಸೇರಿ ಊರು ಮರೆತಿದ್ದ ನಾನು, ಈಗ ಎಲ್ಲರೂ ಅದನ್ನು ಬಿಟ್ಟಿದ್ದಾರೆಂದು ನಂಬಿದೆ. ಒಳಗೊಳಗೇ ಹೆಮ್ಮೆಯೂ ಆಯಿತು.

ಲೆಕ್ಕ ಹಾಕಿ ನೋಡಿದರೆ ಔರಾದ ಕಡೆ ಮಿಶ್ರಿಗೂ ಕೂಸಿನ ತೂಕಕ್ಕೂ ಸಂಬಂಧ ಗಟ್ಟಿಯಾಗಿತ್ತು, ಆಕಸ್ಮಿಕ ಎನ್ನುವಂತಿರಲಿಲ್ಲ. ನಮ್ಮೂರಿನ ಉತ್ತರಗಳನ್ನು ಸೇರಿಸಿದ ಕೂಡಲೇ ಅದು ಕರಗಿಹೋಯಿತು. ಮಿಶ್ರಿ ಮುಟ್ಟದವರಿಗೂ ಅಷ್ಟೇ ಸಣ್ಣ ಕೂಸುಗಳು.

"ಇನ್ನೊಮ್ಮೆ ಹೋಗಿ ಕೇಳಿ ಬಾ," ಎಂದರು ಗೈಡ್ ಮೇಡಂ.

ವೈನಿಗೆ ಹೇಳದೆ ಊರಿಗೆ ಹೋದೆ. ಹಿತ್ತಲಲ್ಲಿ ವೈನಿ, ಪಕ್ಕದ ಮನೆಯ ಇಬ್ಬರು ಸೊಸೆಯಂದಿರು ಕೂತು ಮಾತಾಡುತ್ತ ಮಿಶ್ರಿ ಉಜ್ಜುತ್ತಿದ್ದರು. ಒಬ್ಬಳು ಗಾಬರಿಯಾಗಿ ಬೆರಳು ಸೆರಗಿಗೆ ಒರೆಸಿಕೊಂಡಳು. "ವೈನಿ ಹೇಳ್ದಂಗೇ ಇಲ್ಲ ಅಂದೀವಲ್ಲವಾ, ಮತ್ತ್ಯಾಕ ಬಂದಿ?"

ಅವರಿಬ್ಬರೂ ಎದ್ದು ಹೋದ ಮೇಲೆ ಕೇಳಿದೆ, "ಯಾಕ ಹಿಂಗ ಮಾಡಿದ್ರಿ ವೈನಿ?"

ಅವರು ಬಾಯಿ ಮುಕ್ಕಳಿಸಿ ಉಗುಳಿದರು. "ನನ್ನ ಕೂಸು ಹೋದಾಗ ನಿಮ್ಮವ್ವ ಏನಂದ್ರು ನಿನಗ ಗೊತ್ತಿಲ್ಲ. ಕೂಸನ್ನ ನೀನೇ ತಿಂದಿ, ಮಿಶ್ರಿ ಉಜ್ಜಿ ಉಜ್ಜಿ ತಿಂದಿ ಅಂದ್ರು. ಈಗ ನೀನೂ ಲೆಕ್ಕ ಹಾಕಿ ಅದನ್ನೇ ಹೇಳಾಕ ಬಂದಿಯೇನು?"

"ನಿಮ್ಮ ಸಲುವಾಗೇ ಈ ಕೆಲಸ ಹಿಡದೀನ್ರಿ."

"ನಾ ಕೇಳಿದ್ನೇನು?"

ಅವರ ಸಂಕಟ ಅರ್ಥವಾಯಿತು, ಸಿಟ್ಟು ಮಾತ್ರ ಇಳಿಯಲಿಲ್ಲ. ಪ್ರತಿ ಅಂಗಳದಲ್ಲೂ ನನ್ನ ಪಕ್ಕದಲ್ಲೇ ಕೂತು, ನಾನು ಸುಳ್ಳು ಬರೆದುಕೊಳ್ಳುವುದನ್ನು ನೋಡುತ್ತಿದ್ದರಲ್ಲ!

ನಮ್ಮೂರಿನ ಉತ್ತರಗಳನ್ನು ಕೈಬಿಟ್ಟು, ಯಾಕೆ ಬಿಟ್ಟೆನೆಂದು ಬರೆದು, ಔರಾದ ಕಡೆಯ ಉತ್ತರಗಳಷ್ಟರಲ್ಲೇ ಪ್ರಬಂಧ ಮುಗಿಸಿದೆ. ಫಲಿತಾಂಶ ಬಂದ ದಿನ ವೈನಿ ಫೋನ್ ಮಾಡಿ, "ಪಾಸಾದಿಯೇನವಾ?" ಎಂದರು. "ಹೂಂ" ಎಂದೆ. ಮತ್ತೇನೋ ಹೇಳಲು ಹೊರಟಿದ್ದರು. ಬಸ್ ಬಂತೆಂದು ಸುಳ್ಳು ಹೇಳಿ ಫೋನ್ ಇಟ್ಟೆ.