ಬೆನ್ನಿಗೆ ಹಿಡಿದ ಕನ್ನಡಿ

ಗೆಳೆಯರೇ, ನನಗೆ ಸರ್ಪಸುತ್ತು ಆಗಿದೆ. ಸೊಂಟದಿಂದ ಬೆನ್ನಿನತ್ತ ಗುಳ್ಳೆಗಳ ಸಾಲು ಹೊರಟಿದೆ, ಅಂಗಿ ತಾಗಿದರೂ ಉರಿ. ಇವತ್ತು ಖಾನಾಪುರದಲ್ಲಿ ನಮ್ಮ ಕಚೇರಿಯ ಪಕ್ಕದ ಡಾಕ್ಟರಿಗೆ ತೋರಿಸಿದೆ.

"ಸಣ್ಣವರಿದ್ದಾಗ ಮೈಮ್ಯಾಲ ಅಮ್ಮ ಬಂದಿರತಾಳಲ್ರೀ, ಆ ರೋಗ ಒಳಗ ಮಲಗಿರತೈತಿ. ವಯಸ್ಸಾತು, ಶುಗರ್ ಬಂತು, ಚಿಂತಿ ಹತ್ತಿ ನಿದ್ದಿ ಕೆಟ್ಟಿತು ಅಂದ್ರ ಎದ್ದು ಕುಂದರತೈತಿ. ನಿಮಗ ಎಲ್ಲಾನೂ ಅದಾವ," ಎಂದು ಗುಳಿಗೆ ಬರೆದುಕೊಟ್ಟರು.

ಕಚೇರಿಗೆ ಬಂದರೆ ನಮ್ಮ ಜವಾನ ಬೇರೆಯೇ ಹೇಳಿದ. "ಸಾಹೇಬ್ರ, ಅದರ ತಲಿ-ಬಾಲ ಕೂಡಿದ್ರ ಮನಷ್ಯಾ ಉಳಿಯಂಗಿಲ್ರೀ. ದಿನಾ ಮನ್ಯಾಗ ಯಾರಿಗ್ಯಾರ ಬೆನ್ನ ನೋಡಾಕ ಹೇಳ್ರಿ."

ಸುಳ್ಳೆಂದು ನನಗೂ ಗೊತ್ತು. ಆದರೂ ಸಂಜೆಯ ಬಸ್ಸು ದೇಸೂರ ದಾಟುವಷ್ಟರಲ್ಲಿ ಅದೇ ಯೋಚನೆ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ನನ್ನ ಬೆನ್ನು ನೋಡುವವರು ಯಾರೂ ಇಲ್ಲ.

ಬೆಳಗಾವಿಯಲ್ಲಿ ಇಳಿದವನು ಮನೆಗೆ ಹೋಗದೆ ಖಾಸಬಾಗದ ಕಟಿಂಗ್ ಅಂಗಡಿಗೆ ಹೋದೆ. ಸುಮ್ಮನೆ ಹೇಗೆ ಕೇಳುವುದೆಂದು ಮೊದಲು ಗಡ್ಡ ಮಾಡಿಸಿಕೊಂಡೆ. ಆಮೇಲೆ ಅಂಗಿ ಎತ್ತಿ, "ಹಿಂದ ಕನ್ನಡಿ ಹಿಡಿಯಪಾ. ತಲಿ-ಬಾಲ ಕೂಡ್ಯಾವೇನ ನೋಡು," ಎಂದೆ.

ಅವನು ನಗಲಿಲ್ಲ. ಕನ್ನಡಿ ಹಿಡಿದು, ತಾನೂ ಬಗ್ಗಿ ನೋಡಿದ. "ಇಲ್ರೀ ಸರ್, ಇನ್ನೂ ಗೇಣ ದೂರ ಐತಿ. ಅಂಜಬ್ಯಾಡ್ರಿ. ನಾಳೆ ಬರ್ರಿ, ಮತ್ತ ನೋಡೂಣು."

ಹೋಗಲೇಬೇಕು. ಗಡ್ಡವನ್ನು ಇವತ್ತೇ ಖರ್ಚು ಮಾಡಿಬಿಟ್ಟೆ. ನಾಳೆಗೆ ತಲೆಗೂದಲಿದೆ, ನಾಡಿದ್ದಿಗೆ ಮೀಸೆ.